ಅಂಕಿತದ ಪೆಟ್ಟು

ವಚನದ ಕೊನೆಗೆ ದೇವರ ಹೆಸರನ್ನು ಅಂಕಿತವಾಗಿ ಹಾಕಿದ ಕೂಡಲೇ ದೇವರು ಅದನ್ನು ಓದುತ್ತಿದ್ದ. ಸುಳ್ಳು ಕಂಡರೆ ಹೊಡೆಯುತ್ತಿದ್ದ. ಹೀಗಾಗಿ ಮೂಳೆ ಕಟ್ಟುವ ದುಂಡವ್ವನಿಗೆ ಬಿಡುವೇ ಇರಲಿಲ್ಲ. ಭಕ್ತಿಯನ್ನು ಉಬ್ಬಿಸಿ ಬರೆದವರ ಹಲ್ಲು ಉದುರುತ್ತಿದ್ದವು. ವೈರಾಗ್ಯ ಬರೆದ ಸಾಹುಕಾರರು ಮೊಣಕಾಲು ಮುರಿಸಿಕೊಂಡು ಗಾಡಿಯಲ್ಲಿ ಬರುತ್ತಿದ್ದರು.

ಆ ಮಧ್ಯಾಹ್ನ ಅವಳ ತಂಗಿ ಪಾರವ್ವನೇ ಮೂರನೆಯ ಸಲ ಪೆಟ್ಟು ತಿಂದು ಜಗಲಿಯ ಮೇಲೆ ಬಿದ್ದಿದ್ದಳು. ಎಡಗೈ ಮುರಿದಿತ್ತು, ಬಾಯಿಂದ ರಕ್ತ ಸುರಿಯುತ್ತಿತ್ತು. ‘ನಿನ್ನ ಇಚ್ಛೆಯೇ ನನಗೆ ಹಿತ’ ಎಂದು ಬರೆದಿದ್ದಳು.

“ಹಿತ ಅಂತ ಹಿತ! ಕೂಸನ್ನ ಮಣ್ಣು ಮಾಡಿ ಇನ್ನೂ ತಿಂಗಳಾಗಿಲ್ಲ,” ಎನ್ನುತ್ತ ದುಂಡವ್ವ ಬಿದಿರಿನ ದಬ್ಬೆ ಇಟ್ಟು ಬಿಗಿದಳು. “ಇನ್ನೊಂದು ಏಟು ಬಿದ್ರ ನೀ ಉಳಿಯಂಗಿಲ್ಲ. ಬರೆಯೋದು ಬಿಡು.”

“ಅವನ ಜೋಡಿ ಮಾತಾಡೋದು ಹೆಂಗ ಬಿಡ್ಲಿ ಅಕ್ಕಾ?”

“ಹಂಗಾರ ಹೊಟ್ಟ್ಯಾಗ ಇದ್ದದ್ದ ಬರಿ. ಅವನ ಮುಂದ ನಾಟಕ ಯಾಕ?”

ಪಾರವ್ವ ಬಲಗೈಯಿಂದ ಬರೆದಳು: ‘ನನ್ನ ಕೂಸನ್ನು ಕೊಂದವನೇ, ನಿನ್ನನ್ನು ಕ್ಷಮಿಸಲಾರೆ, ಬಿಡಲೂ ಆರೆ, ಮುಳ್ಳುಗುಡ್ಡದೊಡೆಯಾ.’

ಏಟು ತನ್ನ ಬೆನ್ನಿಗೇ ಬೀಳಲೆಂದು ದುಂಡವ್ವ ತಂಗಿಯನ್ನು ಅವುಚಿಕೊಂಡು ಬಗ್ಗಿದಳು. ಏಟು ಗಾಳಿ ಸೀಳಿಕೊಂಡು ಬಂತು. ಎಲುಬು ಲಟಕ್ಕನೆ ಮುರಿದ ಸದ್ದಾಯಿತು. ಅವಳು ತಂಗಿಯನ್ನು ತಡವಿ ನೋಡಿದಳು, ತನ್ನನ್ನೂ ತಡವಿಕೊಂಡಳು. ಇಬ್ಬರಿಗೂ ಹೊಸದಾಗಿ ಏನೂ ಆಗಿರಲಿಲ್ಲ. ಆದರೆ ಯಾರೂ ಇಲ್ಲದ ಜಗಲಿಯ ಮೂಲೆಯಲ್ಲಿ ಯಾರೋ ನರಳುತ್ತಿದ್ದರು.

ದುಂಡವ್ವ ಹೊಸ ದಬ್ಬೆ ತೆಗೆದುಕೊಂಡು ಆ ಮೂಲೆಗೆ ಸರಿದು ಕೂತಳು.

“ಹೆದರಬ್ಯಾಡೋ ಯಪ್ಪಾ,” ಎಂದಳು. “ಕೈ ಮುಂದ ಮಾಡು.”