ಮೂರು ಸ್ಕ್ರೂ

"ನಿಲ್ಸೇ ಪುಟ್ಟೀ!" ಎಂದು ಅಣ್ಣ ಕೂಗಿದ ರಭಸಕ್ಕೆ ತಂಗಿಯ ಸ್ಕ್ರೂಡ್ರೈವರ್ ಲ್ಯಾಪ್‌ಟಾಪಿನ ಬೆನ್ನ ಮೇಲೆಯೇ ನಿಂತುಬಿಟ್ಟಿತು. ಅವಳನ್ನು ಮನೆಗೆ ಕರೆದೊಯ್ಯಲು ಗ್ಯಾರೇಜಿನಿಂದ ನೇರವಾಗಿ ಬಂದು, ಅವಳ ಕಂಪನಿಯ ಲ್ಯಾಬಿನ ಸ್ಟೂಲಿನ ಮೇಲೆ ಆಕಳಿಸುತ್ತ ಕೂತಿದ್ದವನು ಈಗ ಎದ್ದು ನಿಂತಿದ್ದ.

ತೆಳು ಲ್ಯಾಪ್‌ಟಾಪಿನಲ್ಲೂ ಬೇಕೆಂದಾಗ ಬಿಚ್ಚಿ, ದೊಡ್ಡದನ್ನು ಹಾಕಿಕೊಳ್ಳಬಹುದಾದ ಮೆಮೊರಿ ಕಾರ್ಡು ಅವಳ ಎರಡು ವರ್ಷದ ಕೆಲಸ. ಮೂರು ಸ್ಕ್ರೂಗಳಲ್ಲಿ ಕೂರುವ ಆ ಕಾರ್ಡನ್ನು ಲ್ಯಾಪ್‌ಟಾಪು ಒಂದು ಸಲ ಗುರುತಿಸಿದರೆ ಹತ್ತು ಸಲ ಗುರುತೇ ಇಲ್ಲವೆನ್ನುತ್ತಿತ್ತು. ಇವತ್ತೂ ಹೀಗೇ ಆದರೆ ಕಾರ್ಡು ಕೈಬಿಟ್ಟು ಮೆಮೊರಿಯನ್ನು ಬೋರ್ಡಿಗೇ ಬೆಸೆದುಬಿಡೋಣ ಎಂದು ಮ್ಯಾನೇಜರ್ ಹೇಳಿಯಾಗಿತ್ತು.

"ಒಂದನ್ನೇ ಪೂರ್ತಿ ಬಿಗಿದ್ರೆ ಆಚೆ ಕಡೆ ಮೇಲೇಳಲ್ವಾ? ಚಕ್ರದ ನಟ್ಟು ಯಾರಾದ್ರೂ ಹಾಗೆ ಹಾಕ್ತಾರಾ? ಎಲ್ಲದಕ್ಕೂ ಸ್ವಲ್ಪ ಸ್ವಲ್ಪ ಕೊಡ್ಬೇಕು, ಸರದಿ ಮೇಲೆ." ಸ್ಕ್ರೂಡ್ರೈವರ್ ಕಿತ್ತುಕೊಂಡವನೇ ಮೂರನ್ನೂ ಸಡಿಲಿಸಿ, ಅರ್ಧರ್ಧ ಸುತ್ತು ತಿರುಗಿಸುತ್ತ ಬಂದ. ತಂಗಿ ಗುಂಡಿ ಒತ್ತಿದಳು. ಪರದೆಯ ಮೇಲೆ ಕಾರ್ಡಿನ ಪೂರ್ತಿ ಮೂವತ್ತೆರಡು ಜಿಬಿ! ಆಫ್ ಮಾಡಿ ಮತ್ತೆ ಆನ್ ಮಾಡಿದರೂ ಮೂವತ್ತೆರಡು. ಬಿಚ್ಚಿ ಹತ್ತು ಸಲ ಕೂರಿಸಿದರೂ ಮೂವತ್ತೆರಡೇ. ಅವಳು ಚಪ್ಪಲಿ ಬಿಟ್ಟು ಕುಣಿದಳು.

"ಇಷ್ಟಕ್ಕೆ ನಿನ್ನ ಇಂಜಿನಿಯರಿಂಗ್ ಓದಿಸಿದ್ವಾ?" ಎಂದು ಅಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ.

ಗಲಾಟೆ ಕೇಳಿ ಓಡಿಬಂದ ಮ್ಯಾನೇಜರ್ ಪರದೆಯನ್ನು ಕಣ್ಣರಳಿಸಿ ನೋಡಿದರು. ಆಮೇಲೆ ಲ್ಯಾಪ್‌ಟಾಪಿನ ಬಿಳಿ ಅಂಚಿನಲ್ಲಿ ಮೂಡಿದ್ದ ಗ್ರೀಸಿನ ಹೆಬ್ಬೆರಳ ಗುರುತು ಕಂಡು, ಒರೆಸಲು ಬಟ್ಟೆ ಎತ್ತಿಕೊಂಡರು.

"ಮುಟ್ಬೇಡಿ ಸಾರ್!" ತಂಗಿ ಅಡ್ಡ ಬಂದಳು. "ಡಿಸೈನ್ ಪಾಸ್ ಮಾಡಿದವರ ಸಹಿ ಅದು."