ನೇಲಿದಾಗೆ ಎಟುಕುವಷ್ಟು ಎತ್ತರ

ಒಸೋರ್ನೊ ಊರಿನ ಸೌದೆಗಾರ ಎಲಿಸೆಯೊ ಇಕ್ಕಟ್ಟಾದ ಗ್ಯಾರೇಜಿನ ಗೋಡೆಗೆ ಎಡಗೈಯಲ್ಲಿ ಮೊಳೆ ಹೊಡೆಯುತ್ತಿದ್ದ. ಹೋದ ಚಳಿಗಾಲ ಮರ ಮೇಲೆ ಉರುಳಿ ಅವನ ಬಲಗೈ ಸತ್ವ ಕಳೆದುಕೊಂಡಿತ್ತು. ಹೆಂಡತಿ ನೇಲಿದಾ ಮೊಳೆ ಹಿಡಿದಿದ್ದಳು. ಕಾರು ನಿಲ್ಲಬೇಕಾದರೆ ನೆಲದ ಮೇಲಿದ್ದ ಮೂರು ಮೋಟಾರು ಗರಗಸಗಳು ಗೋಡೆಗೇರಲೇಬೇಕಿತ್ತು.

"ಇನ್ನೂ ಮೇಲೆ ಹಿಡಿ. ಇವನ್ನ ಇನ್ಮೇಲೆ ಯಾರು ಇಳಿಸ್ತಾರೆ?" ಎಂದ ಎಲಿಸೆಯೊ.

"ಅಷ್ಟು ಮೇಲಾದ್ರೆ ನನಗೆ ಎಟುಕಲ್ಲ."

"ನಿನಗ್ಯಾಕೆ ಎಟುಕ್ಬೇಕು?"

"ಈ ಸಲ ಒಲೆಗೆ ಸೌದೆ ನಿಮ್ಮಣ್ಣ ಬಂದು ಕುಯ್ದು ಕೊಡ್ತಾನಾ?"

ಎಲಿಸೆಯೊ ನಕ್ಕುಬಿಟ್ಟ. "ಆಹಾ, ಮಹಾರಾಣಿ! ಸ್ಟಾರ್ಟ್ ಮಾಡೋಕಾದ್ರೂ ಬರುತ್ತಾ?"

"ಬರಲ್ಲ. ನೀನು ಹೇಳ್ಕೊಡು."

ಅವನ ನಗು ನಿಂತಿತು. ಸುತ್ತಿಗೆ ಕೆಳಗಿಟ್ಟು, ಎಲ್ಲಕ್ಕಿಂತ ಚಿಕ್ಕ ಗರಗಸವನ್ನು ಅಂಗಳಕ್ಕೆ ಒಯ್ದು ಅವಳ ಮುಂದಿಟ್ಟ. ವರ್ಷದಿಂದ ಅವಳು ಕೇಳದಿದ್ದ ಮೇಸ್ತ್ರಿಯ ದನಿಯಲ್ಲಿ ಗದರಿದ:

"ಚಪ್ಪಲಿ ಬಿಚ್ಚಿ ನನ್ನ ಬೂಟು ಹಾಕ್ಕೊಂಡು ಬಾ, ಮೊದಲು."