ಪೂರ್ಣವಿರಾಮವಿಲ್ಲದ ಸಾವು

ಹಿಂದಿನ ಸಾಲಿನ ಆ ಮನುಷ್ಯ ಮತ್ತೆ ಅತ್ತ. ಬೆಳಗಿನಿಂದ ಇದು ಮೂರನೆಯ ಸಲ. ಕಥಾನಾಯಕನ ಸಾವಿನ ಮಾತು ಬಂದಾಗಲೆಲ್ಲ ಹೆಗಲ ಮೇಲಿನ ಟವೆಲ್ಲು ಆತನ ಕಣ್ಣಿಗೆ ಹೋಗುತ್ತಿತ್ತು. ವೇದಿಕೆಯ ಮೇಲಿದ್ದ ಪ್ರೇಮಲೀಲಾ ಇದನ್ನು ಗಮನಿಸುತ್ತಲೇ ಇದ್ದರು.

ಲಕ್ಷ್ಮೀಪುರಂನ ಆ ಸಭಾಂಗಣದಲ್ಲಿ ಅಂದು ಅನಂತಪದ್ಮನಾಭರ ಕಾದಂಬರಿಯ ಮೇಲೆ ವಿಚಾರಗೋಷ್ಠಿ. ಕಥಾನಾಯಕ ಹಾಸಿಗೆ ಹೊಲಿಯುವವನು. ಯಾರ ಜೊತೆಗೂ ಸೇರದವನು, ಯಾರಿಗೂ ಬೇಡದವನು. ತನ್ನ ಮರೆವಿನಿಂದ ತಮ್ಮ ಸತ್ತನೆಂಬ ಕೊರಗನ್ನು ಇನ್ನೂರು ಪುಟ ಹೊತ್ತು ತಿರುಗಿ, ಕೊನೆಯ ಪುಟದಲ್ಲಿ ಕೆರೆ ಏರಿ ಹತ್ತಿ ನಿಲ್ಲುತ್ತಾನೆ. ‘ನೀರನ್ನೇ ನೋಡಿದ. ಆಮೇಲೆ ನಿಧಾನವಾಗಿ’ ಎಂಬಲ್ಲಿಗೆ ಕಾದಂಬರಿ ಮುಗಿಯುತ್ತದೆ. ವಾಕ್ಯ ಅರ್ಧ. ಪೂರ್ಣವಿರಾಮವೂ ಇಲ್ಲ.

ಓದುಗರು ಬೆಪ್ಪಾದರು, ವಿಮರ್ಶಕರು ಕೊಂಡಾಡಿದರು. ಪ್ರೇಮಲೀಲಾ ಅಂತೂ ಆ ಇಲ್ಲದ ಪೂರ್ಣವಿರಾಮದ ಮೇಲೆ ಹನ್ನೊಂದು ಪುಟ ಬರೆದಿದ್ದರು. ಇನ್ನೇನು ಬರಲಿದ್ದ ಎರಡನೆಯ ಮುದ್ರಣಕ್ಕೆ ಅದೇ ಮುನ್ನುಡಿ. ಮೂವತ್ತೆರಡು ವರ್ಷ ಕಾಲೇಜಿನಲ್ಲಿ ಬೇರೆಯವರ ಪುಸ್ತಕಗಳನ್ನೇ ಪಾಠ ಮಾಡಿ ನಿವೃತ್ತರಾದವರು ಅವರು. ಪುಸ್ತಕವೊಂದರಲ್ಲಿ ತಮ್ಮ ಹೆಸರು ಅಚ್ಚಾಗುವುದು ಇದೇ ಮೊದಲು. ಅದಕ್ಕಾಗಿ ಅವರು ಹಂಬಲಿಸಿದ್ದು ಒಂದೆರಡು ದಿನವಲ್ಲ.

“ಇಲ್ಲದೇ ಇರೋ ಚುಕ್ಕೆಗೇ ಹನ್ನೊಂದು ಪುಟ. ಇದ್ದಿದ್ರೆ ಏನ್ ಗತಿ ಕಣೇ?” ಎಂದು ಗಂಡ ಬಸವರಾಜು ಕೇಳಿದ್ದರು. ಆ ದಿನ ಅವರಿಗೆ ಎರಡನೆಯ ಕಾಫಿ ಸಿಗಲಿಲ್ಲ.

ಪ್ರೇಮಲೀಲಾ ಆ ಹನ್ನೊಂದು ಪುಟವನ್ನೂ ಓದಿ ಮುಗಿಸಿದಾಗ ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಯಾರೋ ಲೇಖಕರನ್ನು ಕೇಳಿದರು: “ಸಾರ್, ಇಂಥ ಕೊನೆ ನಿಮಗೆ ಹೇಗೆ ಹೊಳೀತು?”

ಅನಂತಪದ್ಮನಾಭ ತಲೆ ತಗ್ಗಿಸಿದರು. “ನನಗೆ ಹೊಳೀಲಿಲ್ಲ. ಅದು ನನ್ನ ಕೈಯಲ್ಲೇ ಇರಲಿಲ್ಲ. ಪುಸ್ತಕ ಬಿಚ್ಚಿ ನೋಡಿದಾಗ ನಾನೇ ಬೆಚ್ಚಿಬಿದ್ದೆ.”

ಎಂಥ ವಿನಯ! ಮತ್ತೆ ಚಪ್ಪಾಳೆ. ಅಷ್ಟರಲ್ಲಿ ಲೇಖಕರ ಕಣ್ಣು ಹಿಂದಿನ ಸಾಲಿಗೆ ಬಿತ್ತು. ಅಳುತ್ತಿದ್ದವನನ್ನು ಕಂಡದ್ದೇ ತಡ, ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ತಡಬಡಿಸಿ, ಖಾಲಿ ಲೋಟವನ್ನೇ ಎತ್ತಿ ಕುಡಿದರು. ಪ್ರೇಮಲೀಲಾಗೆ ಅಷ್ಟು ಸಾಕಾಯಿತು.

ಚಹಾ ವಿರಾಮದಲ್ಲಿ ಅವರು ನೇರವಾಗಿ ಆ ಮನುಷ್ಯನ ಪಕ್ಕ ಹೋಗಿ ಕೂತರು. ಆತನ ಬೆರಳ ತುದಿಗಳ ತುಂಬ ಸೂಜಿ ಚುಚ್ಚಿದ ಗುರುತು.

“ಹೆಸರೇನಪ್ಪ?”

“ಸಿದ್ದಪ್ಪಾಜಿ ಅಂತ. ಕುಂಬಾರಕೊಪ್ಪಲು.”

“ಹೊಲಿಗೆ ಕೆಲಸವೇ?”

“ಹೂಂ ಕಣ್ರವ್ವ, ಅದೇ ಕೆಲ್ಸ.”

“ಕಾದಂಬರಿ ಓದಿದ್ದೀರಾ?”

“ನಿಮಗಿಂತ ಜಾಸ್ತೀನೇ ಓದಿವ್ನಿ.” ಆತ ಟವೆಲ್ಲಿನಿಂದ ಕಣ್ಣೊರೆಸಿಕೊಂಡ. “ಅವನ ಸಾವಿಗೆ ನಾನೇ ಕಾರಣ ಕಣ್ರವ್ವ. ನನ್ನ ಮರೆವೇ ಕಾರಣ. ಎಲ್ಲಾರೂ ಅವನು ಸತ್ತ, ಸತ್ತ ಅಂತ ಗೋಳಾಡ್ತಿದ್ರೆ ನನ್ನ ಕರುಳು ಕಿತ್ತು ಬತ್ತದೆ.”

ಹಾಗಾದರೆ ಆ ಹಾಸಿಗೆಯವನು ಬರೀ ಕಲ್ಪನೆಯಲ್ಲ! ಕೆರೆಗೆ ಬಿದ್ದೂ ಬದುಕಿ ಉಳಿದವನು, ತಮ್ಮನನ್ನು ಕಳೆದುಕೊಂಡ ಕೊರಗಿನ ಸಮೇತ ಇಲ್ಲಿ ಎದುರಿಗೇ ಕೂತಿದ್ದಾನೆ. ಪ್ರೇಮಲೀಲಾಗೆ ನಿಜಕ್ಕೂ ಮರುಕವಾಯಿತು. ಮರುಕದ ಹಿಂದೆಯೇ, ಮುನ್ನುಡಿಗೆ ಇನ್ನೊಂದು ಪುಟ ಸೇರಿಸಬಹುದಲ್ಲ ಎಂಬ ಸಣ್ಣ ಆಸೆಯೂ ಬಂತು.

“ಇದನ್ನು ಯಾರಿಗೂ ಹೇಳಿಲ್ಲವೇ?”

“ಸಾಹೇಬ್ರು ಬಾಯ್ ಬುಡಬ್ಯಾಡ ಅಂದವ್ರೆ. ಎಲ್ಲಾ ಸರಿಹೋಯ್ತದೆ, ಸುಮ್ಕಿರು ಅಂದ್ರು.”

ಪ್ರೇಮಲೀಲಾಗೆ ಮೈ ಉರಿಯಿತು. ಒಬ್ಬ ಬಡಪಾಯಿಯ ಸಂಕಟದಿಂದ ಹೆಸರು ಮಾಡಿಕೊಂಡು, ಅವನ ಬಾಯಿಗೇ ಬೀಗ ಹಾಕುವುದೇ?

“ಪಾಪ ಒಳಗಿದ್ದರೆ ಕೊಳೆಯುತ್ತೆ ಕಣಪ್ಪ, ಹೊರಗೆ ಹಾಕಿ. ನಾನಿದ್ದೇನೆ” ಎಂದು, ವಿರಾಮ ಮುಗಿದದ್ದೇ ಆತನ ಕೈ ಹಿಡಿದು ವೇದಿಕೆಗೆ ಕರೆತಂದರು.

ಅನಂತಪದ್ಮನಾಭ ಅಡ್ಡ ಬಂದರು. “ಬೇಡ ಮೇಡಂ, ದಮ್ಮಯ್ಯ. ಇದರಲ್ಲಿ ನಿಮಗೂ ಒಳ್ಳೇದಿಲ್ಲ.”

“ಸತ್ಯಕ್ಕೆ ಹೆದರುವವಳು ನಾನಲ್ಲ ಸಾರ್” ಎಂದು ಪ್ರೇಮಲೀಲಾ ಸಭೆಯತ್ತ ತಿರುಗಿದರು. “ಬಂಧುಗಳೇ, ಈ ಕಾದಂಬರಿಯ ಕೊನೆಯ ಬಗ್ಗೆ ಮಾತಾಡುವ ಹಕ್ಕು ನನಗಿಂತ ಇವರಿಗೆ ಹೆಚ್ಚು.”

ಲೇಖಕರು ಕಣ್ಣು ಮುಚ್ಚಿಕೊಂಡರು. ಸಿದ್ದಪ್ಪಾಜಿ ಮೈಕನ್ನು ಎರಡೂ ಕೈಯಲ್ಲಿ ಹಿಡಿದು ಕೈಮುಗಿದ.

“ತಪ್ಪಾಯ್ತು ಸ್ವಾಮಿ, ಅವನು ಸತ್ತೇ ಇಲ್ಲ. ನಾನು ಬುಕ್ಕು ಬೈಂಡ್ ಮಾಡೋನು, ಕೊನೇ ಹದಿನಾರು ಪುಟ ಸೇರ್ಸಿ ಹೊಲಿಯೋದ ಮರ್ತುಬುಟ್ಟೆ. ಅದರಲ್ಲಿ ಅವನು ಏರಿ ಇಳ್ದು, ಮದ್ವೆ ಆಗಿ, ಅವಳಿ ಮಕ್ಕಳಿಗೆ ಹೆಸರೂ ಇಟ್ಟವ್ನೆ!”